ಓಟ ಮತ್ತು ಗುಂಪು ಚಿಕಿತ್ಸೆ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಎರಡನ್ನೂ ಒಟ್ಟಿಗೆ ನಡೆಸಬಹುದೇ?

ಪ್ರಶ್ನೆ: ಆಪ್ತಸಮಾಲೋಚಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ವಿದ್ಯಾರ್ಥಿಗಳ ನಡುವೆ ಆರು ವರ್ಷಗಳಿಂದ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಖಿನ್ನತೆ, ಪರೀಕ್ಷೆಯ ಆತಂಕ, ಹಾಸ್ಟೆಲ್‌ನ ಒಂಟಿತನ ಇವುಗಳಿಂದ ಬಳಲುವವರಿಗಾಗಿ ಪ್ರತಿ ಸೆಮಿಸ್ಟರ್‌ನಲ್ಲೂ ಒಂದು ಗುಂಪು ಚಿಕಿತ್ಸೆಯ ಸರಣಿ ನಡೆಸುತ್ತೇನೆ. ಒಬ್ಬೊಬ್ಬರನ್ನೇ ನೋಡುತ್ತ ಹೋದರೆ ಕೆಲವರ ಸರದಿ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಗುಂಪು ಮಾಡಿಕೊಂಡದ್ದಕ್ಕೆ ಅದೂ ಒಂದು ಕಾರಣ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಒಬ್ಬರೇ ಇರುವ ಕಡೆ ಆ ಒಬ್ಬರು ಎಷ್ಟು ಜನರನ್ನು ತಲುಪಲು ಸಾಧ್ಯ ಎಂಬುದು ನನ್ನ ನಿತ್ಯದ ಚಿಂತೆಯಾಗಿದೆ.

ನನ್ನ ಗುಂಪು ಸರಿಯಾಗಿ ನಡೆಯುತ್ತಿಲ್ಲವೆಂದು ಒಪ್ಪಿಕೊಳ್ಳಬೇಕು. ಹಿಂದಿನ ಸೆಮಿಸ್ಟರ್‌ನಲ್ಲಿ ಒಂಬತ್ತು ಜನ ಹೆಸರು ಕೊಟ್ಟಿದ್ದರು, ಆರನೆಯ ವಾರಕ್ಕೆ ಉಳಿದವರು ನಾಲ್ವರು. ವೃತ್ತಾಕಾರದಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಮಾತು ಹೊರಡುತ್ತಿರಲಿಲ್ಲ. ಒಬ್ಬ ಹುಡುಗ ನಾಲ್ಕು ವಾರವೂ ತನ್ನ ಗುರುತಿನ ಚೀಟಿಯ ಪ್ಲಾಸ್ಟಿಕ್ ಅಂಚನ್ನು ಉಗುರಿನಿಂದ ಕೀಳುತ್ತ ಕೂತಿದ್ದ. ಐದನೆಯ ವಾರ ಕರೆಂಟು ಹೋಗಿ, ಫ್ಯಾನು ನಿಂತ ಕೋಣೆಯಲ್ಲಿ ಕೂರಲಾಗದೆ ಎಲ್ಲರನ್ನೂ ಕರೆದುಕೊಂಡು ಮೈದಾನ ಸುತ್ತಲು ಹೊರಟೆ. ಎರಡನೆಯ ಸುತ್ತಿನಲ್ಲಿ ಅದೇ ಹುಡುಗ ತನ್ನ ಅಣ್ಣನ ಸಾವಿನ ವಿಷಯವನ್ನು ಪಕ್ಕದಲ್ಲಿ ನಡೆಯುತ್ತಿದ್ದವನಿಗೆ ಹೇಳತೊಡಗಿದ್ದ. ಆಮೇಲೆ ಕೇಳಿದಾಗ ಅವನು ಕೊಟ್ಟ ಉತ್ತರ ಇದು: "ಮೇಡಂ, ಅಲ್ಲಿ ಕುಂತ್ರ ಎಲ್ಲಾರೂ ನನ್ನ ಮುಖಾನೇ ನೋಡ್ಲಾಕತ್ತಾರ ಅನಸ್ತದ್ರಿ. ನಡೀಲಾಕತ್ತಿದ್ರ ಹಂಗ ಅನಸಂಗಿಲ್ರಿ."

ಅಂದಿನಿಂದ ಗುಂಪು ಚಿಕಿತ್ಸೆಯ ಜೊತೆಗೆ ನಿಧಾನದ ಓಟವನ್ನು ಕ್ರಮಬದ್ಧವಾಗಿ ಸೇರಿಸುವ ಯೋಚನೆ ತಲೆಯಲ್ಲಿದೆ. ಇದಕ್ಕೆ ಆಧಾರವೆಷ್ಟಿದೆ, ಯಾರನ್ನು ಸೇರಿಸಿಕೊಳ್ಳಬಾರದು, ಮೊದಲು ಓಡಬೇಕೋ ಮೊದಲು ಮಾತನಾಡಬೇಕೋ, ಎಂದೂ ಓಡಿಲ್ಲದವರನ್ನು ಓಡಿಸುವುದು ಹೇಗೆ ಎಂಬ ಪ್ರಶ್ನೆಗಳಿವೆ. ಇದು ಕ್ರೀಡಾ ವಿಭಾಗದ ಮತ್ತೊಂದು ಕಾರ್ಯಕ್ರಮವಾಗಿ, ಕೊನೆಗೆ ಪ್ರಮಾಣಪತ್ರ ವಿತರಣೆಯಲ್ಲಿ ಮುಗಿದುಹೋಗಬಾರದೆಂಬ ಆತಂಕವೂ ಇದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮನೋವೈದ್ಯ, ಬೆಂಗಳೂರು

ಮೇಡಂ, ಆಧಾರದ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ನಾಳೆ ಕುಲಸಚಿವರ ಮುಂದೆ ಕಡತ ಇಡುವಾಗ ನಿಮಗೆ ಬೇಕಾಗುವುದು ಅದೇ.

ಓಟವನ್ನು ಖಿನ್ನತೆಗೆ ಚಿಕಿತ್ಸೆಯಾಗಿ ಪರೀಕ್ಷಿಸುವ ಪ್ರಯತ್ನ ಇಂದಿನದಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮನೋವೈದ್ಯ ಜಾನ್ ಗ್ರೈಸ್ಟ್ ಮತ್ತು ಅವರ ಸಂಗಡಿಗರು 1979ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಸೌಮ್ಯ ಖಿನ್ನತೆಯಿದ್ದವರಲ್ಲಿ ಕೆಲವರಿಗೆ ಓಟ, ಉಳಿದವರಿಗೆ ಮಾತಿನ ಚಿಕಿತ್ಸೆ ಕೊಡಲಾಗಿತ್ತು. ಓಡಿದವರು ಮಾತಿನ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡರು. ಅದು ತೀರ ಚಿಕ್ಕದಾಗಿದ್ದರಿಂದ ಬಾಗಿಲು ತೆರೆಯಿತೆನ್ನಬಹುದೇ ಹೊರತು ಅದರಿಂದ ಹೆಚ್ಚಿನದನ್ನು ಸಾಧಿಸಿ ತೋರಿಸಲಾಗದು.

ಅದಕ್ಕಿಂತ ಗಟ್ಟಿಯಾದ ಕೆಲಸವನ್ನು ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಅವರ ತಂಡ ಮಾಡಿತು. 1999ರ ಅಧ್ಯಯನದಲ್ಲಿ 50 ವರ್ಷ ದಾಟಿದ, ತೀವ್ರ ಖಿನ್ನತೆಯಿದ್ದ 156 ಜನರನ್ನು ವ್ಯಾಯಾಮ, ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ, ಎರಡೂ ಸೇರಿದ್ದು ಎಂದು ಮೂರು ಗುಂಪು ಮಾಡಿದರು. ಮೊದಲ ವಾರಗಳಲ್ಲಿ ಮಾತ್ರೆ ಬೇಗ ಕೆಲಸ ಮಾಡಿತಾದರೂ 16 ವಾರಗಳ ಕೊನೆಗೆ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಉಳಿಯಲಿಲ್ಲ. ಆದರೆ ವ್ಯಾಯಾಮದವರು ವಾರಕ್ಕೆ ಮೂರು ಬಾರಿ ಒಂದೆಡೆ ಸೇರುತ್ತಿದ್ದರು. ಹಾಗಾಗಿ ಗುಣ ಕೊಟ್ಟದ್ದು ಓಟವೋ ಸಹವಾಸವೋ ಎಂಬ ಪ್ರಶ್ನೆ ಎದ್ದಿತು, ಅದು ನ್ಯಾಯವಾದ ಪ್ರಶ್ನೆಯೇ. 2007ರಲ್ಲಿ ಅದೇ ತಂಡ 202 ಜನರನ್ನು ನಾಲ್ಕು ಗುಂಪು ಮಾಡಿ ನೋಡಿತು. ಪೂರ್ಣವಾಗಿ ಚೇತರಿಸಿಕೊಂಡವರ ಪ್ರಮಾಣ ಒಟ್ಟಾಗಿ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಶೇ 45, ಮನೆಯಲ್ಲಿ ತಾವೇ ಮಾಡಿಕೊಂಡವರಲ್ಲಿ ಶೇ 40, ಮಾತ್ರೆಯವರಲ್ಲಿ ಶೇ 47, ಔಷಧವೇ ಇಲ್ಲದ ಹುಸಿ ಮಾತ್ರೆಯವರಲ್ಲಿ ಶೇ 31 ಇತ್ತು. 45 ಮತ್ತು 40ರ ನಡುವಿನ ಅಂತರವನ್ನು ಹಿಡಿದುಕೊಂಡು ಗುಂಪೇ ಮೇಲು ಎಂದು ವಾದಿಸಲಾಗದು. ಒಬ್ಬರೇ ಓಡಿದರೂ ಫಲವಿದೆ ಎಂಬುದನ್ನು ಮಾತ್ರ ಇದರಿಂದ ತಿಳಿಯಬಹುದು.

ಹಾಗಾದರೆ ಗುಂಪು ಏಕೆ ಬೇಕು? ಇದಕ್ಕೆ 2023ರ ಆಮ್‌ಸ್ಟರ್‌ಡ್ಯಾಮ್ ಅಧ್ಯಯನವನ್ನು ನೋಡಬೇಕು. ಖಿನ್ನತೆ ಅಥವಾ ಆತಂಕವಿದ್ದ 141 ಜನರಲ್ಲಿ 96 ಮಂದಿ 16 ವಾರ ಓಡಿದರು, 45 ಮಂದಿ ಮಾತ್ರೆ ತೆಗೆದುಕೊಂಡರು. ಎರಡೂ ಕಡೆ ಸುಮಾರು ಶೇ 44ರಷ್ಟು ಜನ ಚೇತರಿಸಿಕೊಂಡರು. ತೂಕ, ರಕ್ತದೊತ್ತಡ, ಹೃದಯದ ಬಡಿತ ಇವುಗಳಲ್ಲಿ ಓಡಿದವರ ಸ್ಥಿತಿ ಉತ್ತಮವಾಗಿತ್ತು. ಹೆಚ್ಚಿನವರು ತಮ್ಮ ಚಿಕಿತ್ಸೆಯನ್ನು ತಾವೇ ಆರಿಸಿಕೊಂಡಿದ್ದರು ಎಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಖ್ಯೆ ಬೇರೆಯದು: ಹೇಳಿದ ಕ್ರಮವನ್ನು ಪಾಲಿಸಿದವರು ಮಾತ್ರೆಯ ಗುಂಪಿನಲ್ಲಿ ಶೇ 82, ಓಟದ ಗುಂಪಿನಲ್ಲಿ ಶೇ 52. ಖಿನ್ನತೆ ಮೊದಲು ಕಿತ್ತುಕೊಳ್ಳುವುದು ಹಾಸಿಗೆಯಿಂದ ಏಳುವ ಶಕ್ತಿಯನ್ನು. ಅಂತಹವರಿಗೆ "ದಿನಾ ಓಡಿ" ಎಂದು ಚೀಟಿ ಬರೆದುಕೊಟ್ಟರೆ ಅದು ಜೇಬಿನಲ್ಲೇ ಉಳಿಯುತ್ತದೆ. ನಿಮ್ಮ ಗುಂಪಿಗೆ ಕೆಲಸವಿರುವುದು ಅಲ್ಲಿ. ಬೆಳಿಗ್ಗೆ ಆರು ಗಂಟೆಗೆ ತನಗಾಗಿ ಏಳಲಾರದ ಹುಡುಗಿ, ಗೇಟಿನ ಬಳಿ ಕಾಯುತ್ತಿರುವ ಗೆಳತಿಗಾಗಿ ಏಳಬಹುದು.

ಇನ್ನು ಎಚ್ಚರಿಕೆಗಳು. ಎದೆನೋವು, ಓಡುವಾಗ ತಲೆಸುತ್ತಿ ಬಿದ್ದದ್ದು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡದ್ದು, ಆಸ್ತಮಾ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಿಸಿ. ಆತಂಕಕ್ಕೆ ಪ್ರೊಪ್ರನಲಾಲ್ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಬಡಿತವನ್ನು ನಂಬಿ ಅವರ ಶ್ರಮವನ್ನು ಅಳೆಯಬೇಡಿ. ಲಿಥಿಯಂ ಸೇವಿಸುವವರು ಬೆವರಿ ನಿರ್ಜಲೀಕರಣಗೊಂಡರೆ ರಕ್ತದಲ್ಲಿ ಆ ಔಷಧದ ಮಟ್ಟ ಅಪಾಯಕ್ಕೆ ಏರಬಹುದು, ಕಲಬುರಗಿಯ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಊಟ ಬಿಟ್ಟು ತೂಕ ಇಳಿಸುವ ಗೀಳಿರುವವರಿಗೆ ಓಟವೇ ರೋಗದ ಆಯುಧವಾಗುತ್ತದೆ, ಅವರನ್ನು ಈ ಗುಂಪಿಗೆ ಸೇರಿಸಿಕೊಳ್ಳಬೇಡಿ. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಿಗೆ ಮೊದಲು ನೇರ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಗುಂಪಿನ ಪ್ರತಿಯೊಬ್ಬರ ಫೋನಿನಲ್ಲೂ ಇರಲಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಓಡಲು ತೊಡಗಿದೆನೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದೆಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಉತ್ತರ 2: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಮೈಸೂರು

ಡಾಕ್ಟರ್ ಸಾಹೇಬರು ವೈದ್ಯಕೀಯ ವಿಷಯ ಹೇಳಿದ್ದಾರೆ, ನಾನು ಕಾಲಿನ ವಿಷಯ ಹೇಳುತ್ತೇನೆ. ಮೂವತ್ತು ವರ್ಷ ಕಾಲೇಜಿನ ಮಕ್ಕಳನ್ನು ಓಡಿಸಿದ್ದೇನೆ, ನಿವೃತ್ತಿಯ ಅಂಚಿನಲ್ಲಿ ಎರಡು ವರ್ಷ ಒಬ್ಬ ಆಪ್ತಸಮಾಲೋಚಕರ ಜೊತೆ ಇಂತಹದೇ ಗುಂಪನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಸಿದ್ದೇನೆ.

ಮೊದಲ ದಿನ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಅಭ್ಯಾಸಬಲದಿಂದ ಸೀಟಿ ಊದಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಹನ್ನೊಂದು ಜನರಲ್ಲಿ ಇಬ್ಬರು ಹುಡುಗರು ಮುಂದೆ ಹಾರಿದರು, ಒಬ್ಬ ಹುಡುಗಿ ಇನ್ನೂರು ಮೀಟರ್‌ಗೇ ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತಳು. ಮಾರನೆಯ ಸಲ ಆಕೆ ಬರಲಿಲ್ಲ, ಮುಂದೆಯೂ ಬರಲಿಲ್ಲ. ಕ್ರೀಡಾಪಟುವನ್ನು ತಯಾರಿಸುವ ಪದ್ಧತಿಯನ್ನು ನೊಂದ ಮಗುವಿನ ಮೇಲೆ ಹೇರಿದ್ದಕ್ಕಾಗಿ ನನಗೆ ಇಂದಿಗೂ ಬೇಸರವಿದೆ.

ಆಮೇಲೆ ಕ್ರಮ ಬದಲಿಸಿದೆವು. ಗಡಿಯಾರ ಮನೆಯಲ್ಲೇ ಉಳಿಯಿತು. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. 1996ರಲ್ಲಿ ಅಮೆರಿಕದ ಜಾಷ್ ಕ್ಲಾರ್ಕ್ ಎಂಬವರು ರೂಪಿಸಿದ, ಸೋಫಾದ ಮೇಲೆ ಕುಳಿತವರನ್ನು ಒಂಬತ್ತು ವಾರಗಳಲ್ಲಿ ಐದು ಕಿಲೋಮೀಟರ್ ಓಡುವಂತೆ ಮಾಡುವ ಕ್ರಮದ ಆರಂಭ ಇದೇ ರೀತಿಯದು. ನಾವು ಅದನ್ನು ಇನ್ನೂ ನಿಧಾನಿಸಿ ಹನ್ನೆರಡು ವಾರಕ್ಕೆ ಎಳೆದೆವು, ಏಕೆಂದರೆ ನಡುವೆ ಇಂಟರ್ನಲ್ಸ್ ಬರುತ್ತವೆ, ದಸರಾ ರಜೆ ಬರುತ್ತದೆ, ಒಂದು ವಾರ ತಪ್ಪಿದವರು ಹಿಂದೆ ಬಿದ್ದೆವೆಂದು ಬಿಟ್ಟುಬಿಡುತ್ತಾರೆ. ವೇಗಕ್ಕೆ ಒಂದೇ ಅಳತೆ ಇಟ್ಟುಕೊಂಡಿದ್ದೆವು: ಓಡುತ್ತಲೇ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ವಾಕ್ಯ ನಡುವೆ ಕಡಿದುಹೋದರೆ ವೇಗ ಹೆಚ್ಚಾಗಿದೆ ಎಂದರ್ಥ. ಮುಂದೆ ಹೋದವರು ಅಲ್ಲೇ ನಿಂತು ಕಾಯಬಾರದು, ತಿರುಗಿ ಬಂದು ಕೊನೆಯವರ ಹಿಂದೆ ಸೇರಿಕೊಳ್ಳಬೇಕು. ಕಾಯುವವರನ್ನು ದೂರದಿಂದ ಕಂಡಾಗ ಕೊನೆಯವರಿಗೆ ನಾಚಿಕೆಯಾಗುತ್ತದೆ. ತಿರುಗಿ ಬಂದರೆ ಕೊನೆ ಎಂಬುದೇ ಇರುವುದಿಲ್ಲ, ವೇಗವಾಗಿ ಓಡಬಲ್ಲವರಿಗೂ ಸಾಕಷ್ಟು ದೂರ ಓಡಿದಂತಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. "ಮನಸ್ಸಿಲ್ಲ, ಸೋಮಾರಿತನ" ಎಂದು ನಾವು ತಿಳಿದುಕೊಂಡದ್ದು ಎಷ್ಟೋ ಸಲ ಹಿಮೋಗ್ಲೋಬಿನ್ ಕೊರತೆಯಾಗಿರುತ್ತದೆ. ಸುಸ್ತು, ಉತ್ಸಾಹ ಇಲ್ಲದಿರುವುದು ಖಿನ್ನತೆಯಲ್ಲೂ ಇರುತ್ತದೆ, ರಕ್ತಹೀನತೆಯಲ್ಲೂ ಇರುತ್ತದೆ. ಆದ್ದರಿಂದ ಸೇರಿಸಿಕೊಳ್ಳುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ. ಎರಡನೆಯದು ಉಡುಪು. ಚೂಡಿದಾರಿನ ವೇಲನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ ಹುಡುಗಿಗೂ ಟ್ರ್ಯಾಕ್ ಪ್ಯಾಂಟ್ ಹಾಕಿದವಳಿಗೂ ಸಮಾನ ಜಾಗ ಇರಬೇಕು. ದುಬಾರಿ ಶೂ ಬೇಕೆಂದು ಎಲ್ಲೂ ಬರೆಯಬೇಡಿ, ಬರೆದರೆ ಅರ್ಧ ಜನ ಹೆಸರೇ ಕೊಡುವುದಿಲ್ಲ. ಡಾಂಬರು ರಸ್ತೆಗಿಂತ ಮಣ್ಣಿನ ಹಾದಿ ಮೊಣಕಾಲಿಗೂ ಮೀನಖಂಡಕ್ಕೂ ಹಿತ. ಮೆಸ್ಸಿನವರಿಗೆ ಮೊದಲೇ ತಿಳಿಸಿ ಓಟವಿರುವ ದಿನಗಳಲ್ಲಿ ತಿಂಡಿಯನ್ನು ಎತ್ತಿಡಿಸಿಕೊಳ್ಳಿ. ಓಡಿ ಬಂದ ಮಗುವಿಗೆ ಇಡ್ಲಿ ಮುಗಿದಿದೆ ಎಂದರೆ ಮುಂದಿನ ವಾರ ಅದು ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸರ್, ರಕ್ತಹೀನತೆಯ ಸಂಗತಿ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಸಂದೇಹವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಪ್ಯಾನಿಕ್ ಅಟ್ಯಾಕ್ ಬರುತ್ತದೆ. ಓಡುವಾಗ ಎದೆ ಹೊಡೆದುಕೊಳ್ಳುವುದನ್ನೇ ಅವರು ಅಟ್ಯಾಕ್ ಎಂದು ತಿಳಿದು ಗಾಬರಿಯಾದರೆ ಏನು ಮಾಡುವುದು? ಅಂತಹವರನ್ನು ಹೊರಗಿಡಬೇಕೇ?

ಉತ್ತರ 3: ಹಳೆಯ ವಿದ್ಯಾರ್ಥಿನಿ, ಧಾರವಾಡ

ಈ ಪ್ರಶ್ನೆಗೆ ಉತ್ತರಿಸಬೇಕೆಂದೇ ಬರೆಯುತ್ತಿದ್ದೇನೆ, ಏಕೆಂದರೆ ಪ್ಯಾನಿಕ್ ಅಟ್ಯಾಕ್ ಬರುತ್ತಿದ್ದವಳು ನಾನು. ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಬಸ್ಸಿನಲ್ಲಿ, ಪರೀಕ್ಷಾ ಕೊಠಡಿಯಲ್ಲಿ, ಒಮ್ಮೆ ಗ್ರಂಥಾಲಯದ ಮೆಟ್ಟಿಲ ಮೇಲೆ, ಎದೆ ಬಡಿದು ಇನ್ನೇನು ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು. ಇಸಿಜಿ ಮೂರು ಸಲ ಆಗಿತ್ತು, ಮೂರು ಸಲವೂ ಸರಿಯಿತ್ತು. ಅದಾದ ಮೇಲೆ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದೆ. ಎದೆಬಡಿತ ಏರುವ ಯಾವುದೇ ಕೆಲಸ ನನಗೆ ಭಯವಾಗಿತ್ತು.

ನಮ್ಮ ಗುಂಪಿನ ಆಪ್ತಸಮಾಲೋಚಕರು ನನ್ನನ್ನು ಹೊರಗಿಡಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಓಡುವ ಮೊದಲು ಕೂರಿಸಿಕೊಂಡು, ಓಡಿದಾಗ ಎದೆ ಬಡಿಯುತ್ತದೆ, ಬೆವರು ಬರುತ್ತದೆ, ಉಸಿರು ಮೇಲೇರುತ್ತದೆ, ನಿಂತ ಎರಡು ಮೂರು ನಿಮಿಷಗಳಲ್ಲಿ ಅದೆಲ್ಲ ಇಳಿಯುತ್ತದೆ, ಇಳಿಯುವುದನ್ನು ನೀನೇ ಬೆರಳಿಟ್ಟು ಎಣಿಸಿ ನೋಡು ಎಂದರು. ಮೊದಲ ದಿನ ಮೂವತ್ತು ಸೆಕೆಂಡು ಓಡಿ ಬೇವಿನ ಮರದ ಕೆಳಗೆ ನಿಂತು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸುತ್ತ ಹೋದೆ. ಪಕ್ಕದಲ್ಲಿ ಇನ್ನೊಬ್ಬಳು ತನ್ನದನ್ನು ಎಣಿಸುತ್ತಿದ್ದಳು. ಅವಳಿಗೆ ಅಟ್ಯಾಕ್ ಬರುವ ತೊಂದರೆಯೇ ಇರಲಿಲ್ಲ, ಆದರೂ ಅವಳ ಸಂಖ್ಯೆ ನನ್ನದಕ್ಕಿಂತ ಹೆಚ್ಚಿತ್ತು. ನನ್ನ ಹೃದಯ ಮಾಡುತ್ತಿರುವುದು ಎಲ್ಲರ ಹೃದಯವೂ ಮಾಡುವುದನ್ನೇ ಎಂದು ಆ ಕ್ಷಣದಲ್ಲಿ ಅರಿವಾದಷ್ಟು ಯಾವ ವೈದ್ಯರ ಮಾತಿನಿಂದಲೂ ಆಗಿರಲಿಲ್ಲ. ಅಟ್ಯಾಕ್ ನಿಂತೇಹೋಯಿತು ಎನ್ನುವುದಿಲ್ಲ, ಮಾತ್ರೆಯನ್ನೂ ಎಂಟು ತಿಂಗಳು ತೆಗೆದುಕೊಂಡೆ. ಆದರೆ ಅಟ್ಯಾಕ್ ಬಂದಾಗ ಅದು ಹೋಗುತ್ತದೆ ಎಂಬ ಧೈರ್ಯ ಬಂದದ್ದು ಆ ಮರದ ಕೆಳಗೆ.

ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ನಮ್ಮ ಗುಂಪಿಗೆ ಒಂದೇ ಬಣ್ಣದ ಟಿ ಶರ್ಟ್ ಕೊಟ್ಟರು, ಅದರ ಬೆನ್ನ ಮೇಲೆ ಮಾನಸಿಕ ಆರೋಗ್ಯದ ಘೋಷವಾಕ್ಯ ಅಚ್ಚಾಗಿತ್ತು. ಕೊಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಮರುದಿನದಿಂದ ಹಾಸ್ಟೆಲ್‌ನಲ್ಲಿ ನಾವು ಯಾರು ಎಂಬುದು ಎಲ್ಲರಿಗೂ ಗೊತ್ತಾಯಿತು. ಇಬ್ಬರು ಬಿಟ್ಟುಹೋದರು. ಯಾರೋ ಪ್ರತಿ ಓಟದ ಫೋಟೋವನ್ನು ವಿಭಾಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರಿಂದ ನನ್ನ ಊರಿನವರಿಗೂ ಸುದ್ದಿ ಮುಟ್ಟಿತ್ತು. ದಯವಿಟ್ಟು ಟಿ ಶರ್ಟ್, ಬ್ಯಾನರ್, ಫೋಟೋ ಯಾವುದೂ ಬೇಡ. ನೋಡುವವರ ಕಣ್ಣಿಗೆ ಬೆಳಿಗ್ಗೆ ಓಡುವ ಹತ್ತು ಜನರಾಗಿಯಷ್ಟೇ ಕಾಣುವಂತಿದ್ದರೆ ಸಾಕು.

ಉತ್ತರ 4: ಮನೋವೈದ್ಯ, ಬೆಂಗಳೂರು

ತಂಗಿ, ನೀವು ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ ಎಣಿಕೆಗೆ ನಮ್ಮ ಶಾಸ್ತ್ರದಲ್ಲೂ ಸ್ಥಾನವಿದೆ. ಯಾವ ದೈಹಿಕ ಸಂವೇದನೆಗೆ ಹೆದರುತ್ತೇವೆಯೋ ಅದನ್ನು ಸುರಕ್ಷಿತವಾಗಿ, ಸ್ವಲ್ಪಸ್ವಲ್ಪವೇ ಬರಮಾಡಿಕೊಂಡು ಅಭ್ಯಾಸ ಮಾಡುವುದು ಪ್ಯಾನಿಕ್ ಚಿಕಿತ್ಸೆಯ ಒಂದು ಮುಖ್ಯ ಭಾಗ. ಜರ್ಮನಿಯಲ್ಲಿ ಆಂಡ್ರಿಯಾಸ್ ಬ್ರೂಕ್ಸ್ ಅವರ ತಂಡ 1998ರಲ್ಲಿ 46 ಪ್ಯಾನಿಕ್ ರೋಗಿಗಳ ಮೇಲೆ ನಡೆಸಿದ ಹತ್ತು ವಾರಗಳ ಅಧ್ಯಯನದಲ್ಲಿ ಓಟ ಹುಸಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು, ಆದರೆ ಕ್ಲೋಮಿಪ್ರಮಿನ್ ಎಂಬ ಔಷಧ ಓಟಕ್ಕಿಂತ ಬೇಗ ಮತ್ತು ಹೆಚ್ಚು ಗುಣ ತೋರಿಸಿತು. ಓಟದ ಗುಂಪಿನಲ್ಲಿ ಶೇ 31ರಷ್ಟು ಮಂದಿ ನಡುವೆಯೇ ಬಿಟ್ಟರು, ಔಷಧದ ಗುಂಪಿನಲ್ಲಿ ಒಬ್ಬರೂ ಬಿಡಲಿಲ್ಲ. ಆದ್ದರಿಂದ ಮೇಡಂ, ಆ ಇಬ್ಬರನ್ನು ಹೊರಗಿಡಬೇಡಿ, ಆದರೆ ಹೃದಯದ ತಪಾಸಣೆಯನ್ನು ಒಮ್ಮೆ ಮಾಡಿಸಿ, ಔಷಧ ಬೇಕಿದ್ದರೆ ಅದು ಓಟದ ಜೊತೆಗೇ ನಡೆಯಲಿ.

ಉತ್ತರ 5: ಗುಂಪು ಚಿಕಿತ್ಸಕಿ, ಮಂಗಳೂರು

ಇಲ್ಲಿಯವರೆಗಿನ ಚರ್ಚೆಯಲ್ಲಿ ಓಟದ ಬಗ್ಗೆ ಹೆಚ್ಚು ಮಾತಾಗಿದೆ, ಗುಂಪಿನ ಬಗ್ಗೆ ಕಡಿಮೆ. ಓಟವೂ ಗುಂಪು ಚಿಕಿತ್ಸೆಯೂ ಎರಡು ಬೇರೆ ಬೇರೆ ಔಷಧಗಳಂತೆ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರೆ ಮುಗಿಯಿತು ಎಂದು ಭಾವಿಸಿದರೆ ನಿಮ್ಮ ಸರಣಿ ಮತ್ತೆ ಆರನೆಯ ವಾರಕ್ಕೆ ಸೊರಗುತ್ತದೆ ಎಂಬುದು ನನ್ನ ಅನುಭವ. ಓಟದಲ್ಲಿ ನಡೆದದ್ದೇ ಮಾತಿನ ವಸ್ತುವಾಗಬೇಕು.

ಗುಂಪು ಚಿಕಿತ್ಸೆಯ ಮೂಲವನ್ನು ಹುಡುಕಿದವರು ಸಾಮಾನ್ಯವಾಗಿ 1905ರ ಬಾಸ್ಟನ್‌ಗೆ ಹೋಗುತ್ತಾರೆ. ಅಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಸ್ಯಾನಿಟೋರಿಯಂಗೆ ಹೋಗಲು ಹಣವಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಸೇರಿಸುತ್ತಿದ್ದರು. ವಿಶ್ರಾಂತಿ, ಗಾಳಿ, ಆಹಾರ, ಜ್ವರದ ಏರಿಳಿತ ಇವನ್ನು ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ಬರೆದು ತರಬೇಕಿತ್ತು. ದೇಹದ ಪಥ್ಯವನ್ನು ಪಾಲಿಸಲೆಂದು ಸೇರಿದವರು ಒಬ್ಬರಿಗೊಬ್ಬರು ಧೈರ್ಯ ತುಂಬುವುದನ್ನು ಪ್ರಾಟ್ ಕಂಡರು. ಅಂದರೆ ಗುಂಪು ಚಿಕಿತ್ಸೆ ಹುಟ್ಟಿದ್ದೇ ದೇಹದ ಶಿಸ್ತಿನ ಜೊತೆಗೆ. ಕುರ್ಚಿಗಳ ವೃತ್ತ ಆಮೇಲೆ ಬಂದದ್ದು.

ಗುಂಪಿನಲ್ಲಿ ಗುಣ ಕೊಡುವುದು ಯಾವುದು ಎಂದು ಅಮೆರಿಕದ ಮನೋವೈದ್ಯ ಅರ್ವಿನ್ ಯಾಲೊಮ್ ಬಿಡಿಸಿ ತೋರಿಸಿದ ಅಂಶಗಳಲ್ಲಿ ಒಂದು, "ಈ ಕಷ್ಟ ನನ್ನೊಬ್ಬನದಲ್ಲ" ಎಂಬ ಅರಿವು. ಹಳೆಯ ವಿದ್ಯಾರ್ಥಿನಿ ಬೇವಿನ ಮರದ ಕೆಳಗೆ ಕಂಡದ್ದು ಅದನ್ನೇ, ಅದೂ ಒಂದು ಮಾತಿಲ್ಲದೆ. ಆದರೆ ಆ ಕ್ಷಣವನ್ನು ಆಮೇಲೆ ಮಾತಿಗೆ ತಂದವರಿದ್ದರೆ ಮಾತ್ರ ಅದು ಬಸ್ಸಿನಲ್ಲೂ ಪರೀಕ್ಷಾ ಕೊಠಡಿಯಲ್ಲೂ ಜೊತೆಗಿರುತ್ತದೆ. ನನ್ನ ಗುಂಪಿನಲ್ಲಿ ಒಬ್ಬ ಯಾವಾಗಲೂ ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ಓಡುತ್ತಿದ್ದ. ಮೂರನೆಯ ವಾರ ವೃತ್ತದಲ್ಲಿ ಒಬ್ಬಳು, "ನೀವು ನಮ್ಮನ್ನು ಬಿಟ್ಟು ಹೋಗುವಾಗ ನನಗೆ ಬೇಜಾರಾಗ್ತದೆ" ಎಂದಳು. ಅವನು ಬಹಳ ಹೊತ್ತು ಸುಮ್ಮನಿದ್ದು, ಮನೆಯಲ್ಲೂ ತಾನು ಹಾಗೆಯೇ, ಯಾರಾದರೂ ಹತ್ತಿರ ಬಂದರೆ ಏನಾದರೂ ಕೇಳಿಬಿಡುತ್ತಾರೆಂಬ ಹೆದರಿಕೆ ಎಂದ. ಅಂತಹ ಮಾತನ್ನು ಕೋಣೆಯಲ್ಲಿ ಕೂತೇ ಹೊರಡಿಸಲು ನನಗೆ ಎರಡು ತಿಂಗಳು ಬೇಕಾಗುತ್ತಿತ್ತು.

ಇದಕ್ಕಾಗಿಯೇ ಮೊದಲು ಓಟ, ಆಮೇಲೆ ಮಾತು ಎಂಬ ಕ್ರಮ ನನಗೆ ಸರಿಯೆನಿಸುತ್ತದೆ. ಹತ್ತು ನಿಮಿಷ ಸೇರಿ ಅಂದಿನ ಸ್ಥಿತಿಯನ್ನು ಒಂದೊಂದು ಮಾತಿನಲ್ಲಿ ಹೇಳುವುದು, ಮೂವತ್ತು ನಿಮಿಷ ಓಟ ಮತ್ತು ನಡಿಗೆ, ನೀರು ಕುಡಿದು ಉಸಿರು ಸಮವಾದ ಮೇಲೆ ಐವತ್ತು ನಿಮಿಷ ವೃತ್ತದಲ್ಲಿ ಕೂರುವುದು. ಎಂಟರಿಂದ ಹತ್ತು ಜನ ಸಾಕು, ಎರಡನೆಯ ವಾರದ ನಂತರ ಹೊಸಬರನ್ನು ಸೇರಿಸಬೇಡಿ. ಪ್ರತಿ ಸಲವೂ ಓಟದ ಜೋಡಿಗಳನ್ನು ಬದಲಿಸಿ, ಇಲ್ಲವಾದರೆ ಗುಂಪಿನೊಳಗೆ ಇನ್ನೊಂದು ಗುಂಪು ಹುಟ್ಟುತ್ತದೆ. ಓಡುವಾಗ ಆಳವಾದ ಮಾತು ತಾನಾಗಿ ಬಂದರೆ ತಡೆಯಬೇಡಿ, ಆದರೆ ನೀವಾಗಿ ಕೆದಕಬೇಡಿ. ಬೆಳಗಿನ ಹಾದಿಯಲ್ಲಿ ಹಾಲಿನವರಿದ್ದಾರೆ, ವಾಕಿಂಗ್ ಬಂದ ಪ್ರಾಧ್ಯಾಪಕರಿದ್ದಾರೆ, ಮಾತು ಯಾರ ಕಿವಿಗೆ ಬೀಳುತ್ತದೆಂದು ಹೇಳಲಾಗದು. ಹಾದಿಯಲ್ಲಿ ಪರಿಚಯದವರು ಎದುರಾದರೆ ಏನು ಹೇಳಬೇಕೆಂಬುದನ್ನು ಮೊದಲ ದಿನವೇ ಎಲ್ಲರೂ ಸೇರಿ ತೀರ್ಮಾನಿಸಿಕೊಳ್ಳಬೇಕು.

ನಿರ್ದೇಶಕರ ಮಾತಿಗೆ ಒಂದು ಸಣ್ಣ ಭಿನ್ನಾಭಿಪ್ರಾಯವಿದೆ. ಹನ್ನೆರಡು ವಾರದ ಕೊನೆಗೆ ಐದು ಕಿಲೋಮೀಟರ್ ಎಂಬ ಗುರಿಯನ್ನು ಹೇಳಲೇಬೇಡಿ ಎಂಬುದು ನನ್ನ ಕೋರಿಕೆ. ಗುರಿ ತಲುಪದವನಿಗೆ ಸೋಲಿನ ಪಟ್ಟಿಗೆ ಇನ್ನೊಂದು ಸೇರಿದಂತಾಗುತ್ತದೆ, ನಮ್ಮ ಮಕ್ಕಳ ಆ ಪಟ್ಟಿ ಈಗಾಗಲೇ ಉದ್ದವಿದೆ. ಹಾಗೆಯೇ ಕಾಲು ಉಳುಕಿದವರು, ಮುಟ್ಟಿನ ನೋವಿರುವವರು, ಅಂದು ಓಡಲು ಮನಸ್ಸಿಲ್ಲದವರು ಓಡದೆಯೇ ವೃತ್ತಕ್ಕೆ ಬರಬಹುದೆಂಬ ನಿಯಮ ಇರಲಿ. ಓಡದವರಿಗೆ ಬಾಗಿಲು ಮುಚ್ಚಿದರೆ, ಅತಿ ಕೆಟ್ಟ ದಿನಗಳಲ್ಲಿ ಅವರಿಗೆ ಗುಂಪೇ ಇಲ್ಲದಂತಾಗುತ್ತದೆ.

ಉತ್ತರ 6: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಮೈಸೂರು

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಕೊನೆಯ ದಿನ ಐದು ಕಿಲೋಮೀಟರ್ ಮುಗಿಸಿದ ಏಳು ಜನರ ಸಂತೋಷ ನನ್ನ ಕಣ್ಣಿಗೆ ಕಟ್ಟಿತ್ತು, ಮುಗಿಸದ ಇಬ್ಬರ ಮುಖವನ್ನು ನಾನು ಅಷ್ಟು ಗಮನಿಸಿರಲಿಲ್ಲ. ಗುರಿಯ ಬದಲು, ಪ್ರತಿಯೊಬ್ಬರೂ ತಮ್ಮ ಹಿಂದಿನ ವಾರದ ಸುತ್ತುಗಳನ್ನು ತಮ್ಮದೇ ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಂಡು ತಾವು ಮಾತ್ರ ನೋಡಿಕೊಳ್ಳುವಂತೆ ಮಾಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ ಮತ್ತು ಹೃತ್ಪೂರ್ವಕ ಧನ್ಯವಾದ. ನಿಮ್ಮ ಮಾತುಗಳನ್ನೆಲ್ಲ ಮುಂದಿಟ್ಟುಕೊಂಡು ನಮ್ಮ ದೈಹಿಕ ಶಿಕ್ಷಣ ವಿಭಾಗದವರ ಜೊತೆ ಎರಡು ಸಲ ಕೂತು ಮಾತನಾಡಿದೆ. ಓಟದ ಗುರುವಾಗಿ ಅಲ್ಲಿನ ಒಬ್ಬ ಅಧ್ಯಾಪಕಿ ಬರಲು ಒಪ್ಪಿದ್ದಾರೆ. ಸೀಟಿ ತರುವುದಿಲ್ಲವೆಂದು ಅವರೇ ಹೇಳಿದರು.

ವಾರಕ್ಕೆ ಎರಡು ದಿನ, ಬೆಳಿಗ್ಗೆ ಆರಕ್ಕೆ ಸೇರುವುದೆಂದು ನಿಶ್ಚಯಿಸಿದ್ದೇವೆ. ಏಪ್ರಿಲ್ ಬಂತೆಂದರೆ ಇಲ್ಲಿ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ, ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಐದೂವರೆಗೇ ಸೇರಿ ನಡಿಗೆಯನ್ನು ಹೆಚ್ಚಿಸಿ ಓಟವನ್ನು ತಗ್ಗಿಸುತ್ತೇವೆ. ಹುಡುಗಿಯರು ಅಷ್ಟು ಹೊತ್ತಿಗೆ ಹೊರಬರಲು ವಾರ್ಡನ್ ಅವರ ಅನುಮತಿ ಬೇಕಿತ್ತು. ಹಾಸ್ಟೆಲ್ ಗೇಟಿನಿಂದ ಮೈದಾನದವರೆಗೆ ನಾನೇ ಜೊತೆಗಿರುತ್ತೇನೆ ಎಂದ ಮೇಲೆ ಒಪ್ಪಿದರು. ಮೈದಾನದ ಸುತ್ತು ಮಣ್ಣಿನದು. ಎಲ್ಲ ಕಡೆಯಿಂದಲೂ ಎಲ್ಲರೂ ಕಾಣುವುದರಿಂದ ಯಾರೂ ತಪ್ಪಿಹೋಗುವುದಿಲ್ಲ. ವೃತ್ತಕ್ಕೆ ಮಾತ್ರ ಕ್ರೀಡಾ ಸಾಮಗ್ರಿ ಇಡುವ ಹಳೆಯ ಕೋಣೆಯನ್ನು ತೆರವು ಮಾಡಿಸಿಕೊಂಡಿದ್ದೇನೆ, ಅದಕ್ಕೆ ಬಾಗಿಲಿದೆ, ಹೊರಗಿನವರಿಗೆ ಕೇಳಿಸುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಉಚಿತವಾಗಿ ಆಗುತ್ತದೆ ಎಂದು ತಿಳಿಯಿತು. ಟಿ ಶರ್ಟಿಗಾಗಿ ಬಂದಿದ್ದ ಹಣವನ್ನು ಬಾಳೆಹಣ್ಣು ಮತ್ತು ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕಕ್ಕೆ ತಿರುಗಿಸಲು ಕಡತ ಬರೆದಿದ್ದೇನೆ.

ಗುರುತಿನ ಚೀಟಿಯ ಅಂಚು ಕೀಳುತ್ತಿದ್ದ ಹುಡುಗನಿಗೆ ಹೊಸ ಸರಣಿಯ ಸುದ್ದಿ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಮೇಡಂ, ನೀವೂ ಓಡ್ತೀರೇನ್ರಿ?" ಓಡುತ್ತೇನೆ ಎಂದಿದ್ದೇನೆ. ನಲವತ್ತಾರರ ವಯಸ್ಸಿನಲ್ಲಿ ನಾನು ಮೊದಲು ಒಂದು ನಿಮಿಷ ಓಡಿ ಒಂದೂವರೆ ನಿಮಿಷ ನಡೆಯುವುದನ್ನು ಕಲಿಯಬೇಕಿದೆ. ನಿನ್ನೆ ಹೋಗಿ ಇಸಿಜಿ ಮಾಡಿಸಿಕೊಂಡು ಬಂದೆ, ಸರಿಯಿದೆ ಎಂದರು. ಮುಂದಿನ ಸೋಮವಾರ ಮೊದಲ ದಿನ.